ಮನೆಗೆ ಲ್ಯಾಪ್‌ಟಾಪ್ ತರುವಾಗ ಹಲ್ಲು ಹಿಡಿದು ನೋಡಿ

2022ರಲ್ಲಿ ಮಗಳು ಕೊಪ್ಪಳದಲ್ಲಿ ಬಿ.ಕಾಂ.ಗೆ ಸೇರಿದಳು. ‘ಅಪ್ಪಾ, ಒಂದು ಲ್ಯಾಪ್‌ಟಾಪ್ ಬೇಕಾಗತೈತಿ’ ಅಂದಳು. ಹಿಂದಿನ ಹಂಗಾಮಿನ ಶೇಂಗಾ ಮಾರಿದ ದುಡ್ಡು ಸ್ವಲ್ಪ ಉಳಿದಿತ್ತು. ಪೇಟೆಗೆ ಹೋದೆವು. ಅಂಗಡಿಯವರು ತೋರಿಸಿದ್ದರಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಕೈಯಾಗ ಹಿಡಿದರೆ ಹಗೂರ, ನೋಡಾಕ ತೆಳ್ಳಗ ಚೆಂದ. 21,500 ರೂಪಾಯಿ ಎಣಿಸಿ ಕೊಟ್ಟು, ಡಬ್ಬಿ ಬಗಲಾಗ ಇಟ್ಟುಕೊಂಡು ಬಸ್ ಹತ್ತಿದೆವು.

ಎತ್ತು ಕೊಳ್ಳಲು ಹೋದರೆ ನಾವು ಬಾಯಿ ತೆಗೆಸಿ ಹಲ್ಲು ಎಣಿಸುತ್ತೇವೆ. ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ಗೊರಸು ಎತ್ತಿ ನೋಡುತ್ತೇವೆ. ಆ ದಿನ ನಾನು ಕೊಂಬಿನ ಬಣ್ಣ ನೋಡಿ ದುಡ್ಡು ಕೊಟ್ಟು ಬಂದಿದ್ದೆ. ಅದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಮೊದಲ ತೊಂದರೆ ಕನ್ನಡ ಟೈಪಿಂಗಿನದು. ಮಗಳು ‘ನುಡಿ’ ಹಾಕಿಕೊಳ್ಳಲು ಹೋದರೆ ಯಂತ್ರ ಒಲ್ಲೆ ಅಂತು. ಅದರಲ್ಲಿದ್ದ ವಿಂಡೋಸ್ ‘ಎಸ್ ಮೋಡ್’ ಎಂಬ ಬಗೆಯದು. ಕಂಪನಿಯ ಸ್ವಂತ ಸ್ಟೋರಿನಲ್ಲಿದ್ದ ತಂತ್ರಾಂಶ ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ರಿಪೇರಿಯವರೊಬ್ಬರು 500 ರೂಪಾಯಿ ತೆಗೆದುಕೊಂಡು ಅದನ್ನು ಬಿಡಿಸಿಕೊಟ್ಟರು. ಇದು ಬಿಟ್ಟಿಯಾಗಿ, ಮನೆಯಲ್ಲೇ ಕುಳಿತು ಐದು ನಿಮಿಷದಲ್ಲಿ ಮಾಡಿಕೊಳ್ಳುವ ಕೆಲಸ ಅಂತ ಆಮೇಲೆ ತಿಳೀತು. ಎರಡನೇ ತೊಂದರೆಗೆ ಮಾತ್ರ ಮದ್ದೇ ಇರಲಿಲ್ಲ. ಅದರ ಸಂಗ್ರಹ 64 ಜಿಬಿ, ತೆರೆದು ನೋಡಿದರೆ ತೋರಿಸುವುದು 58. ವಿಂಡೋಸ್ ತಾನೇ ಅರ್ಧಕ್ಕಿಂತ ಹೆಚ್ಚು ನುಂಗಿತ್ತು. ಮೇಲಿಂದ ಮೇಲೆ ಬರುವ ಅಪ್‌ಡೇಟ್‌ಗಳಿಗೆ ಜಾಗ ಸಾಲದೆ ಯಂತ್ರ ದಿನವಿಡೀ ತಿಣುಕುತ್ತಿತ್ತು. ‘ಇದು ತೆರಿಯೋದ್ರಾಗ ಚಾ ಕಾಸಿ, ಕುಡ್ದು, ಕಪ್ ತೊಳ್ದು ಬರಬೋದು ನೋಡಪಾ’ ಎಂದು ಮಗಳು ನಗುತ್ತಿದ್ದಳು. ಮೂರನೇ ಸೆಮಿಸ್ಟರ್ ಹೊತ್ತಿಗೆ ನಗುವುದನ್ನೂ ಬಿಟ್ಟಳು. ಅಸೈನ್‌ಮೆಂಟ್ ಬರೆಯಲು ಗೆಳತಿಯ ರೂಮಿಗೆ ಹೋಗಹತ್ತಿದಳು. ಜಾಗ ಹೆಚ್ಚಿಸೋಣವೆಂದರೆ ಆ ಸಂಗ್ರಹ ಬೋರ್ಡಿಗೇ ಬೆಸೆದದ್ದು, ಬದಲಿಸಲು ಬರುವುದಿಲ್ಲ. ರ‍್ಯಾಮ್ 4 ಜಿಬಿ, ಅದೂ ಬೆಸೆದದ್ದೇ.

ಅಲ್ಲಿಂದ ಹಟಕ್ಕೆ ಬಿದ್ದು ಕಲಿತೆ. 2025ರಲ್ಲಿ ಮೂರು ಲ್ಯಾಪ್‌ಟಾಪ್ ಕೊಳ್ಳುವಾಗ ನಾನು ಜತೆಗಿದ್ದೆ: ಒಂದು ಕುಷ್ಟಗಿಯ ಬೀಗರದು, ಒಂದು ಗಂಗಾವತಿ ಕಡೆಯ ಭತ್ತದ ರೈತ ಗೆಳೆಯರದು, ಒಂದು ನಮ್ಮದೇ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಗಣಕ ಓದಿದವನಲ್ಲ, ಎರಿ ಹೊಲದಾಗ ಕಡಲಿ ಬಿತ್ತುವವನು. ತಪ್ಪಿದ್ದರೆ ಓದುಗರು ತಿದ್ದಬೇಕು.

ಮೊದಲು, ಬೇಕೋ ಬೇಡವೋ

ಪಹಣಿ ನೋಡಲು, ಫ್ರೂಟ್ಸ್ ಸಂಖ್ಯೆ ಹುಡುಕಲು, ಎಪಿಎಂಸಿ ಧಾರಣೆ, ಮಳೆ ಮುನ್ಸೂಚನೆ ತಿಳಿಯಲು ಲ್ಯಾಪ್‌ಟಾಪ್ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು. ವರ್ಷಕ್ಕೆ ನಾಲ್ಕು ಅರ್ಜಿ, ಎರಡು ಪ್ರಿಂಟ್ ಅಷ್ಟೇ ಇದ್ದರೆ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಬರುವುದೇ ಅಗ್ಗ. ಮಕ್ಕಳು ಪಾಠದ ವಿಡಿಯೋ ನೋಡಲಿ ಎಂಬುದಷ್ಟೇ ಉದ್ದೇಶವಾದರೆ ಅದಕ್ಕೂ ಮೊಬೈಲು, ಇಲ್ಲವೇ ಮನೆಯ ಟಿವಿ ನಡೆಯುತ್ತದೆ.

ಲ್ಯಾಪ್‌ಟಾಪ್ ನಿಜವಾಗಿ ಬೇಕಾಗುವುದು ಬರೆಯುವ ಮತ್ತು ಲೆಕ್ಕ ಹಾಕುವ ಕೆಲಸಕ್ಕೆ. ಡಿಗ್ರಿ ಮಕ್ಕಳ ಪ್ರಾಜೆಕ್ಟ್, ವಾಣಿಜ್ಯ ಓದುವವರಿಗೆ ಟ್ಯಾಲಿ, ಪಿಯುಸಿ ಗಣಕ ವಿಜ್ಞಾನ, ಸಂಘದ ಜಮಾ-ಖರ್ಚು, ಇಂಥವಕ್ಕೆ ಆರು ಅಂಗುಲದ ಪರದೆ ಸಾಲದು. ಬೀಗರ ಮಗ ಜೆಇಇಗೆ ಓದುತ್ತಿದ್ದಾನೆ. ಜೆಇಇ ಮೇನ್ ಪರೀಕ್ಷೆ ಗಣಕದ ಮುಂದೆಯೇ ಕುಳಿತು ಬರೆಯುವಂಥದ್ದು. ಮೌಸ್ ಹಿಡಿದು ಅಭ್ಯಾಸವಿಲ್ಲದ ಹುಡುಗ ಅಲ್ಲಿ ಹೋಗಿ ತಡಬಡಿಸಬಾರದು ಎಂಬುದು ಬೀಗರ ಚಿಂತೆ. ಅವರಿಗೆ ಇನ್ನೊಂದು ಕೆಲಸವೂ ಇತ್ತು. ದಾಳಿಂಬೆಗೆ ಯಾವ ದಿನ ಯಾವ ಔಷಧ ಹೊಡೆದೆ, ಎಷ್ಟು ಖರ್ಚಾಯಿತು ಎಂಬ ಪಟ್ಟಿ ನೋಟ್‌ಬುಕ್ಕಿನಲ್ಲಿ ಮೂರು ಕಡೆ ಹಂಚಿಹೋಗಿ ಕೈಗೆ ಸಿಗುತ್ತಿರಲಿಲ್ಲ. ಅಂಗಮಾರಿ ಬಿದ್ದ ವರ್ಷದ ಲೆಕ್ಕ ಹುಡುಕಿ ಸುಸ್ತಾಗಿದ್ದರು.

ಮೇಜಿನ ಮೇಲೆ ಇಡುವ ಡೆಸ್ಕ್‌ಟಾಪ್ ಅದೇ ದುಡ್ಡಿಗೆ ಹೆಚ್ಚು ಜೋರಾಗಿರುತ್ತದೆ, ರಿಪೇರಿಯೂ ಸಲೀಸು. ಆದರೆ ಕರೆಂಟ್ ಹೋದ ಕೂಡಲೇ ಅದು ಸತ್ತಂತೆ. ಯುಪಿಎಸ್ ಬೇರೆ ಬೇಕು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಹೊಟ್ಟೆಯಲ್ಲೇ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದೊಂದೇ ಕಾರಣಕ್ಕೆ ನಾನು ಲ್ಯಾಪ್‌ಟಾಪಿನ ಪರ.

ಅಗ್ಗದ ಗಣಕ ಜನರಿಗೆ ಮುಟ್ಟಿಸಬೇಕೆಂಬ ಪ್ರಯತ್ನ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಯಂತ್ರವನ್ನು 2004ರಲ್ಲಿ ಬಿಇಎಲ್ ಮಾರುಕಟ್ಟೆಗೆ ತಂದಿತ್ತು. ಜನರ ಕೈಗೆ ಅದು ಹೆಚ್ಚು ಹೋಗಲಿಲ್ಲ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಕಿಯೋನಿಕ್ಸ್ ‘ಕಿಯೊ’ ಎಂಬ ಪುಟ್ಟ ಗಣಕವನ್ನು 18,999 ರೂಪಾಯಿ ಬೆಲೆ ಹೇಳಿ ಹೊರತಂದಿತು. ಅದು ಲಿನಕ್ಸ್‌ನಲ್ಲಿ ನಡೆಯುತ್ತದೆ. ಅದು ಲ್ಯಾಪ್‌ಟಾಪ್ ಅಲ್ಲ, ಪೆಟ್ಟಿಗೆ ಮಾತ್ರ. ಪರದೆಯನ್ನು ಬೇರೆ ಜೋಡಿಸಬೇಕು. ಹಾಗಾಗಿ ಈ ಲೇಖನದ ಲೆಕ್ಕಕ್ಕೆ ಹಿಡಿದಿಲ್ಲ.

ಎಷ್ಟು ಚೀಲ ಭತ್ತ?

ಗಂಗಾವತಿಯ ಗೆಳೆಯರು ಯಾವುದನ್ನೂ ರೂಪಾಯಿಯಲ್ಲಿ ಎಣಿಸುವುದಿಲ್ಲ, ಚೀಲದಲ್ಲಿ ಎಣಿಸುತ್ತಾರೆ. 2025-26ರಲ್ಲಿ ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2369 ರೂಪಾಯಿ. 75 ಕಿಲೋ ಚೀಲಕ್ಕೆ ಹಿಡಿದರೆ ಸುಮಾರು 1777. ಅಂದರೆ 30,000 ರೂಪಾಯಿಯ ಲ್ಯಾಪ್‌ಟಾಪ್ ಅಂದರೆ ಹದಿನೇಳು ಚೀಲ ಭತ್ತ. ನಮ್ಮ ಮಸಾರಿ ಕಡೆಯ ಶೇಂಗಾ ಲೆಕ್ಕದಲ್ಲಿ, 7263 ರೂಪಾಯಿಯ ಬೆಂಬಲ ಬೆಲೆಯಂತೆ, ನಾಲ್ಕು ಕ್ವಿಂಟಲ್‌ಗೂ ಮೇಲೆ. ಆ ಬೆಲೆ ಪೇಟೆಯಲ್ಲಿ ಸಿಕ್ಕರೆ ಎಂಬ ಮಾತು ಬೇರೆ.

ಮೇಲಾಗಿ ಆ ವರ್ಷ ತುಂಗಭದ್ರಾ ಅಣೆಕಟ್ಟಿನ ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕಿತ್ತುಹೋದ ಮೇಲೆ ಆಗಲೇಬೇಕಾಗಿದ್ದ ಕೆಲಸ ಅದು, ಸರಿಯೇ. ಆದರೆ ಎರಡು ಬೆಳೆ ನೆಚ್ಚಿದವರ ಮನೆಯಲ್ಲಿ ಒಂದೇ ಬೆಳೆಯ ದುಡ್ಡು. ‘ಈ ಸಲ ತಪ್ಪು ಮಾಡಾಕ ನನ್ನ ಹತ್ರ ರೊಕ್ಕ ಇಲ್ಲರಿ ಅಣ್ಣಾರ, ನೀವಽ ಬರ್ರಿ’ ಎಂದು ಗೆಳೆಯರು ನನ್ನನ್ನು ಎಳೆದುಕೊಂಡು ಹೋದರು.

ಹೊಟ್ಟೆಯೊಳಗೆ ಏನಿದೆ

ಅಂಗಡಿಯಲ್ಲಿ ಮೊದಲು ತೋರಿಸುವುದು ಬಣ್ಣ, ತೂಕ, ಮೇಲಂಟಿಸಿದ ಚೀಟಿ. ನಾವು ಕೇಳಬೇಕಾದದ್ದು ಮೂರು: ಸಂಗ್ರಹ, ರ‍್ಯಾಮ್, ಪ್ರೊಸೆಸರ್.

ಸಂಗ್ರಹವೆಂದರೆ ಕಾಳು ತುಂಬಿಡುವ ಜಾಗ. ಹಳೆಯ ಬಗೆಯ ಹಾರ್ಡ್ ಡಿಸ್ಕ್ ನಮ್ಮ ಹಗೇವು ಇದ್ದಂತೆ. ತುಂಬಾ ಹಿಡಿಯುತ್ತದೆ, ಅಗ್ಗ. ಆದರೆ ಒಂದು ಬುಟ್ಟಿ ಕಾಳು ಬೇಕಾದರೂ ಒಳಗೆ ಇಳಿದೇ ತರಬೇಕು. ಎಸ್‌ಎಸ್‌ಡಿ ಎಂದರೆ ಬುಡದಲ್ಲಿ ತೂತಿರುವ ಕಣಜ. ಬಿರಡೆ ತೆಗೆದರೆ ಸುರಿಯಿತು. ಹಾರ್ಡ್ ಡಿಸ್ಕಿನ ಯಂತ್ರ ತೆರೆದುಕೊಳ್ಳಲು ಎರಡು-ಮೂರು ನಿಮಿಷ ತೆಗೆದುಕೊಂಡರೆ ಎಸ್‌ಎಸ್‌ಡಿ ಇದ್ದದ್ದು ಅರ್ಧ ನಿಮಿಷದೊಳಗೆ ಎದ್ದು ಕೂಡುತ್ತದೆ. ಹಳೆಯ ಯಂತ್ರಕ್ಕೂ ಎಸ್‌ಎಸ್‌ಡಿ ಹಾಕಿಸಿದರೆ ಮರುಜೀವ ಬಂದಂತೆ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ ಇರುವುದರಿಂದ, ಬೈಕಿನ ಮೇಲೆ ಕುಲುಕಿದರೆ, ಕೈಜಾರಿದರೆ ಕೆಡುವ ಭಯವೂ ಹೆಚ್ಚು. ನನ್ನ ಮೊದಲ ಯಂತ್ರದಲ್ಲಿದ್ದದ್ದು ಮೂರನೇ ಬಗೆ, ‘ಇಎಂಎಂಸಿ’. ಇದು ಮೊಬೈಲಿನ ಜಾತಿಯದು, ಬೋರ್ಡಿಗೆ ಬೆಸೆದದ್ದು. ಡಬ್ಬಿಯ ಮೇಲೆ ಈ ನಾಲ್ಕಕ್ಷರ ಕಂಡರೆ ಮುಂದೆ ಮಾತೇ ಬೇಡ. ಮನೆ ಬಳಕೆಗೆ 256 ಜಿಬಿ ಎಸ್‌ಎಸ್‌ಡಿ ಸಾಕು. ಮದುವೆ, ಜಾತ್ರೆಯ ಫೋಟೋ, ವಿಡಿಯೋ ಎಲ್ಲ ಅದರಲ್ಲೇ ತುಂಬುವವರಿಗೆ 512 ಇರಲಿ.

ರ‍್ಯಾಮ್ ಅಂದರೆ ಕಣ. ಕಣ ದೊಡ್ಡದಿದ್ದರೆ ನಾಲ್ಕು ಬಂಡಿ ಸೊಪ್ಪೆ ಒಟ್ಟಿಗೆ ಹರವಬಹುದು. ಸಣ್ಣದಾದರೆ ಒಂದನ್ನು ತೆಗೆದು ಇನ್ನೊಂದು ಹರವಬೇಕು, ಅದಕ್ಕೇ ಯಂತ್ರ ನಿಂತು ನಿಂತು ನಡೆಯುವುದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಎಂದು ಕಂಪನಿಯೇ ಹೇಳುತ್ತದೆ. ಕನಿಷ್ಠ ಎಂದರೆ ಜೀವ ಹಿಡಿದಿರುವಷ್ಟು. ದುಡಿಸಲು 8 ಜಿಬಿ ಬೇಕು. ಕೇಳಲೇಬೇಕಾದ ಇನ್ನೊಂದು ಮಾತು: ರ‍್ಯಾಮ್ ಬೆಸೆದಿದೆಯೋ, ಅಥವಾ ಮುಂದೆ ಇನ್ನೊಂದು ಪಟ್ಟಿ ಸಿಕ್ಕಿಸಲು ಸ್ಲಾಟ್ ಇದೆಯೋ? ‘ಈಗ 4 ತಗೊಳ್ರಿ, ಮುಂದ ಹಾಕಿಸಿದ್ರಾತು’ ಎಂಬ ಹಳೆಯ ಸಲಹೆ ಈಗ ನಡೆಯುವುದಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಳ್ಳುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್, ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿತು. ಬೇಕಾದಷ್ಟನ್ನು ಮೊದಲೇ ಇರುವಂಥದ್ದನ್ನು ಕೊಳ್ಳುವುದು ಲೇಸು.

ಪ್ರೊಸೆಸರ್ ಅಂದರೆ ಎತ್ತು. ಇಲ್ಲೇ ಹಲ್ಲು ನೋಡುವ ಕೆಲಸ. ‘ಐ3’, ‘ಐ5’ ಎಂಬುದು ತಳಿ; ವಯಸ್ಸು ತಿಳಿಯುವುದು ಅದರ ಮುಂದಿನ ಅಂಕಿಯಲ್ಲಿ. ಐ3-1215 ಎಂದಿದ್ದರೆ ಮೊದಲ ಎರಡು ಅಂಕಿ 12, ಅಂದರೆ ಹನ್ನೆರಡನೇ ಪೀಳಿಗೆ. ಐ5-8350 ಎಂದಿದ್ದರೆ ಎಂಟನೆಯದು. ಐ5-6300 ಎಂದರೆ ಆರನೆಯದು, ಬಾಯಿಗೂಡಿದ ಮುದಿ ಎತ್ತು. ಹತ್ತು ವರ್ಷ ಹಳೆಯ ಐ7ಗಿಂತ ಹೊಸ ಐ3 ಚುರುಕು. ‘ಐ7 ಐತ್ರಿ, ದೊಡ್ಡ ಯಂತ್ರ’ ಎಂದು ತಳಿ ಹೆಸರು ಹೇಳಿ ಮುದಿ ಎತ್ತು ಕಟ್ಟುವವರಿದ್ದಾರೆ, ಹುಷಾರು.

ಇನ್ನೊಂದು ಕಂಪನಿ ಎಎಂಡಿಯದು ರೈಜನ್. ಇದರ ಅಂಕಿ ಸ್ವಲ್ಪ ಮೋಸದ್ದು. ರೈಜನ್ 3 7320 ಎಂದರೆ 7 ನೋಡಿ ಬಹಳ ಹೊಸದೆಂದು ತಿಳಿಯುತ್ತೇವೆ. ಆ 7000ದ ಸರಣಿಯಲ್ಲಿ ಒಳಗಿನ ವಿನ್ಯಾಸ ಹೇಳುವುದು ಮೂರನೇ ಅಂಕಿ. ಇಲ್ಲಿ ಅದು 2, ಅಂದರೆ ವಿನ್ಯಾಸ ಹಳೆಯದು. ಮನೆ ಬಳಕೆಗೆ ಕೆಟ್ಟದ್ದೇನಲ್ಲ, ಗೆಳೆಯರು ಕೊನೆಗೆ ತಂದದ್ದು ಅದೇ ಯಂತ್ರ. ಆದರೆ ಅದರ ರ‍್ಯಾಮ್ ಬೆಸೆದೇ ಬರುತ್ತದೆ, ಹಾಗಾಗಿ 8 ಜಿಬಿಯದ್ದೇ ಬೇಕೆಂದು ಹಟ ಹಿಡಿದೆವು. ಸೆಲೆರಾನ್ ಹೆಸರಿನವು ಎಲ್ಲಕ್ಕಿಂತ ಅಗ್ಗ. ಪತ್ರ ಬರೆಯಲು, ಒಂದೊಂದೇ ಕೆಲಸ ಮಾಡಲು ಸಾಕು. ವಿಡಿಯೋ ಪಾಠ ತೆರೆದು, ಪಕ್ಕದಲ್ಲಿ ಲೆಕ್ಕದ ಹಾಳೆ ತೆರೆದರೆ ಏದುಸಿರು ಬಿಡುತ್ತವೆ.

ಪರದೆಯ ಮಾತು ಬೇಗ ಮುಗಿಸುತ್ತೇನೆ. 1920×1080 ಇರಲಿ, 1366×768 ಪರದೆಯಲ್ಲಿ ಕನ್ನಡದ ಒತ್ತಕ್ಷರ ಓದಲು ಕಣ್ಣಿಗೆ ತ್ರಾಸು. ಪರದೆಯನ್ನು ಬಾಗಿಸಿ, ಪಕ್ಕದಿಂದ ನೋಡಿ. ಬಣ್ಣ ಕರ್ರಗೆ ತಿರುಗಿದರೆ ಅದು ಕೆಳದರ್ಜೆಯದು. ಕನ್ನಡಿಯಂತೆ ಹೊಳೆಯುವುದು ಬೇಡ, ನಮ್ಮ ಬಿಸಿಲಿಗೆ ಪಡಸಾಲೆಯಲ್ಲಿ ಕುಳಿತರೆ ಅದರಲ್ಲಿ ನಮ್ಮ ಮುಖವೇ ಕಾಣುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷ

ಹೇಳಿದ್ದನ್ನು ನಂಬಬೇಡಿ, ನಡೆಸಿ ನೋಡಿ. ಯಂತ್ರ ಹಚ್ಚಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಎಂಬಲ್ಲಿ ಎಲ್ಲ ಬಯಲು: ಪ್ರೊಸೆಸರ್ ಪೂರ್ತಿ ಹೆಸರು, ಮೆಮೊರಿ ಎಷ್ಟು, ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿವೆ, ಡಿಸ್ಕ್ ಎಸ್‌ಎಸ್‌ಡಿಯೋ ಎಚ್‌ಡಿಡಿಯೋ. ಇದನ್ನು ಮೊದಲ ಸಲ ನಾನು ಅಂಗಡಿಯಲ್ಲಿ ಒತ್ತಿದಾಗ ಅಲ್ಲಿನ ಹುಡುಗ ‘ಯಾವ ಊರು ಸರ್ ನಿಮ್ದು?’ ಎಂದು ಕೇಳಿದ. ಮಾತಿನ ಧಾಟಿಯೇ ಬದಲಾಯಿತು.

ಕೀಲಿಮಣೆಯ ಒಂದೊಂದು ಕೀಲಿಯನ್ನೂ ಒತ್ತಿ ನೋಡಿ. ಕ್ಯಾಮೆರಾ, ಸ್ಪೀಕರ್ ನೋಡಿ. ಮುಚ್ಚಳ ಒಂದೇ ಕೈಯಲ್ಲಿ ನಾಲ್ಕು ಸಲ ತೆಗೆದು ಮುಚ್ಚಿ. ಕಿರುಗುಟ್ಟಿದರೆ, ಅಂಚು ಬಾಯಿಬಿಟ್ಟರೆ ಬೇಡ. ವಿಂಡೋಸ್ ಅಸಲಿಯೋ ಎಂಬುದು ಸೆಟ್ಟಿಂಗ್ಸ್‌ನ ‘ಆಕ್ಟಿವೇಶನ್’ ಪುಟದಲ್ಲಿ ಕಾಣುತ್ತದೆ, ಎಸ್ ಮೋಡ್ ಇದ್ದರೆ ಅದೂ ಅಲ್ಲೇ ತಿಳಿಯುತ್ತದೆ. ‘ಆಫೀಸ್ ಫ್ರೀ’ ಅಂದರೆ ಕಾಯಮ್ಮೋ ಒಂದು ವರ್ಷದ್ದೋ ಕೇಳಿ. ವರ್ಷದ್ದಾದರೆ ಮುಂದಿನ ವರ್ಷ ದುಡ್ಡು ಕೇಳುತ್ತದೆ. ನಮ್ಮ ಮನೆಯಲ್ಲಿ ಲಿಬ್ರೆ ಆಫೀಸ್ ಇದೆ, ಪೂರ್ತಿ ಬಿಟ್ಟಿ, ಅದರ ಪಟ್ಟಿಗಳನ್ನೆಲ್ಲ ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಆಂಟಿವೈರಸ್ ಎಂದು ಸಾವಿರ ರೂಪಾಯಿ ಬಿಲ್ಲಿಗೆ ಸೇರಿಸುತ್ತಾರೆ. ವಿಂಡೋಸ್ ಒಳಗೇ ಡಿಫೆಂಡರ್ ಎಂಬ ಕಾವಲು ಇದೆ, ಮನೆ ಬಳಕೆಗೆ ಅದು ಸಾಕು.

ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ ಎನ್ನುವವರಿದ್ದಾರೆ. ಶೇ. 18 ಜಿಎಸ್‌ಟಿ ಉಳಿಯುವ ಆಸೆಗೆ ಬಿದ್ದರೆ ವಾರಂಟಿ ಹೋಯಿತು. ಕಂತಿನಲ್ಲಿ ಕೊಳ್ಳುವವರು ‘ಬಡ್ಡಿ ಇಲ್ಲ’ ಎಂಬ ಮಾತಿಗೆ ತಲೆಯಾಡಿಸದೆ ಪ್ರೊಸೆಸಿಂಗ್ ಶುಲ್ಕವನ್ನೂ ಕೂಡಿಸಿ ಒಟ್ಟು ಎಷ್ಟು ಕಟ್ಟುತ್ತೇವೆ ಎಂದು ಬರೆಸಿಕೊಳ್ಳಿ. ಒಟ್ಟು ಮೊತ್ತವನ್ನು ನಗದು ಬೆಲೆಯ ಪಕ್ಕದಲ್ಲಿ ಇಟ್ಟರೆ ಬಡ್ಡಿ ತಾನೇ ಎದ್ದು ಕಾಣುತ್ತದೆ.

ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಎಂಬುದು ಬ್ರ್ಯಾಂಡಿಗಿಂತ ದೊಡ್ಡ ಪ್ರಶ್ನೆ. ಕೆಟ್ಟರೆ ಮನೆಗೇ ಬಂದು ನೋಡುತ್ತಾರೋ, ನಾವೇ ಹೊತ್ತುಕೊಂಡು ಹೋಗಬೇಕೋ? ಮನೆಗೆ ಬರುತ್ತಾರೆ ಅಂದರೆ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಕಂಪನಿಯ ಸಹಾಯವಾಣಿಗೆ ಅಂಗಡಿಯಿಂದಲೇ ಫೋನ್ ಹಚ್ಚಿ ಖಚಿತ ಮಾಡಿಕೊಳ್ಳಿ. ಬೀಗರು ಹೊಸದನ್ನು ಹುಬ್ಬಳ್ಳಿಯಲ್ಲಿ ಕೊಂಡರು: ಹನ್ನೆರಡನೇ ಪೀಳಿಗೆಯ ಐ3, 8 ಜಿಬಿ, 512 ಎಸ್‌ಎಸ್‌ಡಿ, 36,000 ರೂಪಾಯಿ. 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಸುರುವಾಗಿದೆ. ‘ಕೆಟ್ಟರ ರೈಲಿನಾಗ ಒಯ್ದು ಕೊಟ್ಟು ಬರತೀನಿ, ಬಸ್ಸಿನಾಗ ಕುಲುಕೂದು ಬ್ಯಾಡ’ ಎಂಬುದು ಅವರ ಲೆಕ್ಕ.

ಹಳೆಯದು, ಆದರೆ ಗಟ್ಟಿ

ನಮ್ಮ ಮನೆಗೆ ಎರಡನೇ ಸಲ ತಂದದ್ದು ಹೊಸದಲ್ಲ. ಬೆಂಗಳೂರಿನಲ್ಲಿರುವ ತಂಗಿಯ ಮಗ ಎಸ್.ಪಿ. ರೋಡಿನಲ್ಲಿ ಹುಡುಕಿ ಕೊಡಿಸಿದ. ಎಂಟನೇ ಪೀಳಿಗೆಯ ಐ5, 8 ಜಿಬಿ, 256 ಎಸ್‌ಎಸ್‌ಡಿ, ಒಟ್ಟು 19,000. ಮೊದಲು ತಂದ ಹೊಸದಕ್ಕಿಂತ 2500 ಕಡಿಮೆ, ಕೆಲಸ ಮಾತ್ರ ಮೂರು ಪಟ್ಟು.

ಇದು ಹೇಗೆ ಸಾಧ್ಯ? ದೊಡ್ಡ ಕಂಪನಿಗಳು ನೌಕರರಿಗೆ ಕೊಡಲು ಲ್ಯಾಪ್‌ಟಾಪ್‌ಗಳನ್ನು ಸಾವಿರ ಲೆಕ್ಕದಲ್ಲಿ ಕೊಳ್ಳುತ್ತವೆ ಅಥವಾ ಬಾಡಿಗೆಗೆ ತರುತ್ತವೆ. ಮೂರು ನಾಲ್ಕು ವರ್ಷವಾದ ಕೂಡಲೇ ಹೊರಹಾಕುತ್ತವೆ. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಇವು ಕಚೇರಿ ಕೆಲಸಕ್ಕೆಂದೇ ಗಟ್ಟಿಯಾಗಿ ಮಾಡಿದವು. ಹೊಸದಿದ್ದಾಗ ನಮ್ಮ ಕೈಗೆ ಎಟುಕದವು. ಬಿಡಿಭಾಗ ಸಿಗುತ್ತವೆ. ತಳ ಬಿಚ್ಚಿದರೆ ಬಹಳಷ್ಟು ಮಾದರಿಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬಹುದು. ಇವನ್ನು ‘ರಿಫರ್ಬಿಶ್ಡ್’ ಎಂದು ಮಾರುತ್ತಾರೆ.

ಆದರೆ ಇಲ್ಲೊಂದು ಗುಂಡಿ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಕೂಡುವುದು ಇಂಟೆಲ್‌ನ ಎಂಟನೇ ಪೀಳಿಗೆ ಮತ್ತು ಅದರ ಮೇಲಿನವಕ್ಕೆ. ಆರು, ಏಳನೇ ಪೀಳಿಗೆಯ ಯಂತ್ರಗಳನ್ನು ಕಚೇರಿಗಳು ಹೊರಹಾಕಿದಾಗ ಅವು ಅಗ್ಗದಲ್ಲಿ ಪೇಟೆಗೆ ಬರುತ್ತವೆ. ‘ವಿಂಡೋಸ್ 11 ಹಾಕಿ ಕೊಡತೀವ್ರಿ’ ಎಂದು ಹೇಗೋ ತುರುಕಿ ಕೊಡುವವರೂ ಇದ್ದಾರೆ. ಮುಂದೆ ಅಪ್‌ಡೇಟ್ ಬಂದಾಗ ಅದು ಕೈಕೊಟ್ಟರೆ ಯಾರೂ ಜವಾಬ್ದಾರರಲ್ಲ. ವಿಂಡೋಸ್ ಬೇಕೇಬೇಕು ಎನ್ನುವವರು ಎಂಟಕ್ಕಿಂತ ಕೆಳಗೆ ಇಳಿಯಬೇಡಿ.

ಹಳೆಯದರಲ್ಲಿ ಮೊದಲು ಸಾಯುವುದು ಬ್ಯಾಟರಿ. ವಿಂಡೋಸ್‌ನಲ್ಲೇ ‘ಬ್ಯಾಟರಿ ರಿಪೋರ್ಟ್’ ತೆಗೆಯುವ ಸೌಕರ್ಯ ಇದೆ, ಅಂಗಡಿಯವರಿಂದ ತೆಗೆಸಿ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಎಂದರೆ ಹುಟ್ಟುವಾಗಿನ ಶಕ್ತಿ, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗ ಉಳಿದದ್ದು. 48,000 ಇದ್ದದ್ದು 24,000ಕ್ಕೆ ಇಳಿದಿದ್ದರೆ ಅರ್ಧ ಜೀವ ಹೋಗಿದೆ. ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಿಂದ ಕಳೆದು ಚೌಕಾಸಿ ಮಾಡಿ. ಹಚ್ಚುವಾಗ ಪಾಸ್‌ವರ್ಡ್ ಕೇಳುವ, ಹಳೆಯ ಕಂಪನಿಯ ಹೆಸರು ತೋರಿಸುವ ಯಂತ್ರ ಬೇಡವೇ ಬೇಡ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಕನಿಷ್ಠ ಆರು ತಿಂಗಳಾದರೂ ಇರಲಿ. ಬಿಲ್ ಕೊಡದವರ ಹತ್ತಿರ ಹಳೆಯದು ಕೊಂಡರೆ ಕದ್ದ ಮಾಲು ಮನೆ ಸೇರುವ ಅಪಾಯವೂ ಇದೆ.

ನಾನು ಇದನ್ನೇ ಎಲ್ಲರಿಗೂ ಹೇಳಿದರೆ ತಪ್ಪಾದೀತು. ಪರಿಚಯದವರು ಯಾರೂ ಇಲ್ಲದಿದ್ದರೆ, ನೋಡಿ ಪರೀಕ್ಷೆ ಮಾಡುವ ಹುಡುಗರು ಮನೆಯಲ್ಲಿ ಇಲ್ಲದಿದ್ದರೆ ಹೊಸದೇ ನೆಮ್ಮದಿ. ಬೀಗರಿಗೆ ಹೊಸದನ್ನು ಹೇಳಿದ್ದು ಅದಕ್ಕೇ. ಪರೀಕ್ಷೆಯ ವರ್ಷದಲ್ಲಿ ಹುಡುಗನ ಯಂತ್ರ ಕೈಕೊಟ್ಟರೆ ಹತ್ತು ಸಾವಿರದ ಉಳಿತಾಯಕ್ಕೆ ಬೆಲೆ ಇಲ್ಲ.

ಕರೆಂಟು, ಬಿಸಿಲು, ದೂಳು

ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ ‘100–240’ ಎಂದು ಬರೆದಿರುತ್ತದೆ. ಅಂದರೆ ವೋಲ್ಟೇಜ್ 150ಕ್ಕೆ ಇಳಿದರೂ ಅದು ತಾಳಿಕೊಂಡು ಕೆಲಸ ಮಾಡುತ್ತದೆ. ಸಂಜೆ ಫ್ಯಾನು ತೆವಳುವ ನಮ್ಮ ಊರುಗಳಿಗೆ ಇದು ದೊಡ್ಡ ಅನುಕೂಲ, ಸ್ಟೆಬಿಲೈಸರ್ ಬೇಡ. ವೋಲ್ಟೇಜ್ ಒಮ್ಮೆಲೇ ಮೇಲೇರಿದರೆ, ಸಿಡಿಲು ಹೊಡೆದರೆ ಮಾತ್ರ ಉಳಿಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಹಾಕಿ, ಬ್ಯಾಟರಿಯಲ್ಲಿ ನಡೆಸಿ. ಚಾರ್ಜರ್ ಬದಲಿಸಬೇಕಾಗಿ ಬಂದರೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಸುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಸಂತೆಯ ಚಾರ್ಜರ್ ಹಾಕಿ ಸುಟ್ಟುಕೊಂಡವರನ್ನು ಬಲ್ಲೆ.

ಬ್ಯಾಟರಿ ಎಷ್ಟು ತಾಸು ಎಂಬುದಕ್ಕೆ ಜಾಹೀರಾತು ನೋಡಬೇಡಿ, ವ್ಯಾಟ್-ಅವರ್ ಅಂಕಿ ನೋಡಿ. 42 ವ್ಯಾಟ್-ಅವರ್ ಬ್ಯಾಟರಿ, ಬರೆಯುವ ಕೆಲಸಕ್ಕೆ ಯಂತ್ರ ಸುಮಾರು 10 ವ್ಯಾಟ್ ತಿಂದರೆ, ನಾಲ್ಕು ತಾಸು. ವಿಡಿಯೋ ಓಡಿಸಿದರೆ ಇನ್ನೂ ಕಡಿಮೆ.

ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿ ತನಕದ ಸೆಕೆಗೆ ಎಂದು ರೂಪಿಸಿರುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ದಾಟುತ್ತದೆ. ಮಧ್ಯಾಹ್ನ ತಗಡಿನ ಕೋಣೆಯಲ್ಲಿ ಕೆಲಸ ಬೇಡ, ಬೆಳಗು-ಸಂಜೆ ಮಾಡಲಿ. ಮಕ್ಕಳು ಕೌದಿಯ ಮೇಲೆ, ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಾರೆ. ಯಂತ್ರ ಉಸಿರಾಡುವ ತೂತು ಇರುವುದು ತಳದಲ್ಲಿ, ಕೌದಿ ಅದನ್ನು ಮುಚ್ಚಿಬಿಡುತ್ತದೆ. ಹಲಗೆ ಅಥವಾ ರೊಟ್ಟಿ ಮಣೆಯಾದರೂ ಕೆಳಗಿರಲಿ. ರಾಶಿಯ ದಿನಗಳಲ್ಲಿ ತೊಗರಿ ಹೊಟ್ಟು, ಜೋಳದ ಸುಂಕು ಮನೆಯೊಳಗೆಲ್ಲ ಹಾರಾಡುವಾಗ ಅದನ್ನು ಚೀಲದಲ್ಲಿ ಕಟ್ಟಿ ಟ್ರಂಕಿನಲ್ಲಿಡುವುದೇ ಸರಿ. ನಮ್ಮದನ್ನು ಒಂದು ವರ್ಷದ ನಂತರ ಬಿಚ್ಚಿಸಿದಾಗ ಫ್ಯಾನಿನ ಸುತ್ತ ಹತ್ತಿಯಂತೆ ದೂಳು ಸುತ್ತಿಕೊಂಡಿತ್ತು. ತಿಂಡಿಯ ಪುಡಿ ಬಿದ್ದರೆ ಇರುವೆ ಒಳಗೆ ಸಂಸಾರ ಹೂಡುತ್ತವೆ, ಇದೂ ಅನುಭವದ ಮಾತೇ.

ಕನ್ನಡದಲ್ಲಿ ಬರೆಯಲು

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬಿಟ್ಟಿಯಾಗಿ ಸಿಗುತ್ತದೆ. ಅದರಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಇಂಗ್ಲಿಷ್ ಕೀಲಿಯ ಉಚ್ಚಾರಕ್ಕೆ ಹತ್ತಿರದ ಕನ್ನಡ ಅಕ್ಷರ. ನಾನು ಹದಿನೈದು ದಿನದಲ್ಲಿ ಕಲಿತೆ. ಬರೆಯುವಾಗ ಯೂನಿಕೋಡ್‌ನಲ್ಲಿಯೇ ಬರೆಯಿರಿ. ಹಳೆಯ ನುಡಿ ಅಕ್ಷರದಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಗೀಚು ಗೀಚಾಗಿ ಕಾಣುತ್ತದೆ. ಮಗಳು ಒಮ್ಮೆ ಪ್ರಿಂಟ್ ಅಂಗಡಿಯ ಮುಂದೆ ಇದೇ ಕಾರಣಕ್ಕೆ ಅಳುವ ಹಾಗಾಗಿ ನಿಂತಿದ್ದಳು.

ಆ ಮೊದಲ ಯಂತ್ರವನ್ನು ಗುಜರಿಗೆ ಹಾಕಲಿಲ್ಲ. ತಂಗಿಯ ಮಗ ಗವಿಮಠದ ಜಾತ್ರೆಗೆ ಬಂದಾಗ ವಿಂಡೋಸ್ ಅಳಿಸಿ ಲಿನಕ್ಸ್ ಮಿಂಟ್ ಎಂಬ ಬಿಟ್ಟಿ ವ್ಯವಸ್ಥೆ ಹಾಕಿಕೊಟ್ಟ. 64 ಜಿಬಿಯಲ್ಲಿ ಮುಕ್ಕಾಲು ಪಾಲು ಖಾಲಿ ಉಳಿಯಿತು. ಕೆ.ಪಿ. ರಾವ್ ಕೀಲಿಮಣೆ ಅದರಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಮೊದಲೇ ಇದೆ, ಬೇರೆ ಹಾಕುವುದು ಬೇಡ. ಟ್ಯಾಲಿ ಅದರಲ್ಲಿ ನೇರವಾಗಿ ನಡೆಯುವುದಿಲ್ಲ, ಹಾಗಾಗಿ ಮಗಳಿಗೆ ಉಪಯೋಗವಿಲ್ಲ. ಈಗ ಹೆಂಡತಿಯ ಸ್ವಸಹಾಯ ಸಂಘದ ಲೆಕ್ಕ ಅದರಲ್ಲಿ ಬರೆಯುತ್ತಾರೆ. ಹನ್ನೆರಡು ಮಂದಿಯ ಉಳಿತಾಯ, ಸಾಲ, ಬಡ್ಡಿ, ಎಲ್ಲ ಒಂದೇ ಹಾಳೆಯಲ್ಲಿ. ನಿಧಾನವೇನೋ ಹೌದು. ‘ನಮಗೇನು ಅವಸರ ಐತ್ರಿ, ನಾವೂ ಚಾ ಕುಡಕೊಂತ ಬರಿತೀವಿ’ ಅನ್ನುತ್ತಾಳೆ.